ಅಣ್ಣನ ಪುಸ್ತಕ ತಮ್ಮನಿಗೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ನಾಡಿನ ಅನೇಕ ಸಂಸಾರಗಳಲ್ಲಿ ಲೆಕ್ಕದ ಚೀಟಿಯೊಂದು ಹುಟ್ಟಿಕೊಳ್ಳುತ್ತದೆ. ಶುಲ್ಕದ ಮಾತು ಒಂದು ಕಡೆಗಿರಲಿ. ಪುಸ್ತಕ, ಸಮವಸ್ತ್ರ, ಚೀಲ, ಬೂಟು, ಕೊಡೆ ಎಂದು ಪಟ್ಟಿ ಬೆಳೆಯುತ್ತಲೇ ಹೋಗುವುದು. ಸರಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕವೂ ಸಮವಸ್ತ್ರವೂ ಉಚಿತವಾಗಿ ದೊರೆಯುತ್ತವೆ. ಚಿಂತೆ ಹೆಚ್ಚಾಗಿ ಕಾಡುವುದು ಖಾಸಗಿ ಶಾಲೆಯನ್ನು ನಂಬಿದ ಬಡ ಗೃಹಸ್ಥರನ್ನು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಅವರಿಗೆ ಬುದ್ಧಿ ಹೇಳುವವರುಂಟು. ಇಂಥ ಅಂಗಡಿಯಲ್ಲಿಯೇ, ಇಂಥ ಪ್ರಕಾಶಕರ ಪುಸ್ತಕವನ್ನೇ ಕೊಳ್ಳತಕ್ಕದ್ದೆಂದು ಶಾಲೆಯವರೇ ಗೊತ್ತುಮಾಡಿರುವಾಗ ಕಾಲನ್ನು ಎಷ್ಟೆಂದು ಮಡಿಸುವುದು?

ಆದರೂ ಉಳಿತಾಯಕ್ಕೆ ಎಡೆಯಿಲ್ಲವೆಂದಲ್ಲ. ಹೋದ ವರುಷದ ನೋಟುಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ತಿರುವಿ ನೋಡಿರಿ. 6 ಪುಸ್ತಕಗಳಲ್ಲಿ 40ರಂತೆ ಖಾಲಿ ಪುಟಗಳಿದ್ದರೂ 240 ಆಯಿತು. ದಬ್ಬಣ, ದಾರ ಹಿಡಿದು ಅರ್ಧ ಗಂಟೆ ಕುಳಿತರೆ ಲೆಕ್ಕ ಬಿಡಿಸಲು ದಪ್ಪನೆಯ ಪುಸ್ತಕ ಸಿದ್ಧ. ನೋಟುಪುಸ್ತಕ, ಪೆನ್ಸಿಲು, ರಬ್ಬರುಗಳ ಮೇಲಿನ ಸರಕು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಪೂರ್ತಿಯಾಗಿ ತೆಗೆದಿದ್ದಾರೆಂಬುದೂ ನೆನಪಿರಲಿ. ಲಂಗದ ಅಂಚನ್ನು ಅಗಲವಾಗಿ ಮಡಿಸಿ ಹೊಲಿಸಿದರೆ ಮರುವರುಷ ಬಿಚ್ಚಿ ಉದ್ದಮಾಡಬಹುದು. ಆದರೆ ಎರಡು ವರುಷ ಬರಲೆಂದು ದೊಡ್ಡ ಬೂಟು ಕೊಳ್ಳುವುದನ್ನು ನಾನು ಒಪ್ಪಲಾರೆ. ಮುಂಗಾರಿನ ಕೆಸರಿನಲ್ಲಿ ಎಡವುವುದು ಮಗು, ತಂದೆಯಲ್ಲ.

ನಿಜವಾದ ಉಳಿತಾಯವಿರುವುದು ಪಠ್ಯಪುಸ್ತಕದಲ್ಲಿ. ಅಣ್ಣ ಓದಿದ್ದನ್ನು ತಮ್ಮ, ಅವನು ಬಿಟ್ಟದ್ದನ್ನು ನೆರೆಮನೆಯ ಹುಡುಗಿ ಓದುವುದು ನಮ್ಮಲ್ಲಿ ಹಳೆಯ ರೂಢಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ವ್ಯಾಪಾರಕ್ಕೂ ಇದೇ ಆಧಾರ. ಈ ರೂಢಿಗೆ ಈಗ ಎರಡು ಕಡೆಯಿಂದ ಪೆಟ್ಟು ಬಿದ್ದಿದೆ. ರಾಜ್ಯದ ಪಠ್ಯಗಳು 2017ರಲ್ಲಿ, 2022ರಲ್ಲಿ, ಪುನಃ 2023ರಲ್ಲಿ ಪರಿಷ್ಕರಣೆಗೊಳಗಾದುವು. ಪರಿಷ್ಕರಣೆಯ ಸರಿತಪ್ಪುಗಳನ್ನು ವಿದ್ವಾಂಸರು ಚರ್ಚಿಸಲಿ. ಅದರ ಖರ್ಚು ಯಾರದೆಂಬುದನ್ನು ಚರ್ಚಿಸಿದವರು ವಿರಳ. ಹಳೆಯ ಪ್ರತಿ ಕೊಳ್ಳುವವರು ಮುದ್ರಣದ ವರುಷವನ್ನು ನೋಡಿಯೇ ಕೊಳ್ಳಬೇಕಾಗಿದೆ. ಎರಡನೆಯದು ಇನ್ನೂ ಹೆಚ್ಚಿನ ಪೆಟ್ಟು: ಬಿಟ್ಟ ಸ್ಥಳ ತುಂಬುವ, ಚಿತ್ರಕ್ಕೆ ಬಣ್ಣ ಹಚ್ಚುವ ಅಭ್ಯಾಸವೆಲ್ಲ ಪುಸ್ತಕದೊಳಗೇ. ಒಂದು ಮಗು ಬರೆದೊಡನೆ ಆ ಪುಸ್ತಕಕ್ಕೆ ಆಯುಷ್ಯ ಮುಗಿಯಿತು. ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆಯಿಸಿದರೆ ವಿದ್ಯೆಗೆ ಯಾವ ಕುಂದು ಬರುತ್ತಿತ್ತೋ ತಿಳಿಯದು.

ಇನ್ನು ಮಕ್ಕಳ ಮನಸ್ಸಿನ ಮಾತು. ಹೊಸ ಪುಸ್ತಕದ ವಾಸನೆಯನ್ನು ಬಯಸದ ಮಗುವಿಲ್ಲ. ತರಗತಿಯಲ್ಲಿ ತಾನೊಬ್ಬನೇ ಹಳೆಯ ಪುಸ್ತಕ ತೆರೆಯಬೇಕಾದ ಹುಡುಗನ ಸಂಕೋಚವನ್ನು ಮಿತವ್ಯಯದ ಉಪದೇಶ ನೀಗಿಸಲಾರದು. ಇಲ್ಲಿ ಉಪಾಧ್ಯಾಯರು ಬಹಳ ಮಾಡಬಲ್ಲರು. ಏಪ್ರಿಲ್‌ನಲ್ಲಿ ಫಲಿತಾಂಶ ಹೇಳುವ ದಿನವೇ ಎಲ್ಲ ಮಕ್ಕಳಿಂದಲೂ, ಸ್ಥಿತಿವಂತರ ಮಕ್ಕಳಿಂದಲೂ, ಪುಸ್ತಕಗಳನ್ನು ಕೇಳಿ ಪಡೆದು, ಹರಿದ ಬೆನ್ನಿಗೆ ಮೈದಾ ಅಂಟು ಹಚ್ಚಿ, ಕಂದು ಕಾಗದದ ಹೊದಿಕೆ ಹಾಕಿಸಿಡಬಹುದು. ಜೂನ್‌ನಲ್ಲಿ ಆ ರಾಶಿಯಿಂದಲೇ ಎಲ್ಲರಿಗೂ ಹಂಚಿದರೆ ಯಾರದು ಯಾರಿಗೆ ಬಂತೆಂದು ಕೇಳುವವರಿರುವುದಿಲ್ಲ. ಹೆಸರು ಬರೆಯಲು ಮೊದಲ ಪುಟದಲ್ಲಿ ನಾಲ್ಕು ಗೆರೆ ಎಳೆದಿಟ್ಟರಾಯಿತು.