ತಂತ್ರಾಂಶವು ಊರು ಮುಟ್ಟಬೇಕು

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ದೊಡವಾಡ)

ಚಕ್ಕಡಿಯು ಬಡಿಗೇರನ ಅಂಗಳದಲ್ಲಿ ಸಲೀಸಾಗಿ ಉರುಳಿತೆಂಬ ಮಾತ್ರಕ್ಕೆ ರೈತನು ಅದನ್ನು ಒಪ್ಪಿಕೊಳ್ಳುವದಿಲ್ಲ. ಮಳೆ ಬಿದ್ದ ಎರೆಯ ಹೊಲದಲ್ಲಿ ಹೇರು ಹೊತ್ತು ಅದು ನಡೆದೀತೇ ಎಂದು ಕೇಳುತ್ತಾನೆ. ನಡೆಯದಿದ್ದರೆ ಬಡಿಗೇರನನ್ನು ಕರೆದು ಅಚ್ಚನ್ನೋ ಗಾಲಿಯನ್ನೋ ತಿದ್ದಿಸುತ್ತಾನೆ. ಇದು ನಮ್ಮ ಹಳ್ಳಿಗಳಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ನ್ಯಾಯ. ಆದರೆ ಗಣಕಯಂತ್ರದ ತಂತ್ರಾಂಶಗಳ ವಿಷಯಕ್ಕೆ ಬಂದಾಗ ನಾವು ಈ ನ್ಯಾಯವನ್ನು ಮರೆತುಬಿಡುತ್ತೇವೆ. ಕಟ್ಟಿದವರ ಯಂತ್ರದಲ್ಲಿ ಅದು ನಡೆಯಿತು; ಅಷ್ಟಕ್ಕೆ ಕೆಲಸ ಮುಗಿಯಿತೆಂದು ಅವರು ತಿಳಿಯುತ್ತಾರೆ. ನಮ್ಮ ಯಂತ್ರದಲ್ಲಿ ಅದು ನಡೆಯದಿದ್ದರೆ ತಪ್ಪು ನಮ್ಮದೇ ಇರಬೇಕೆಂದು ನಾವು ತಲೆ ತಗ್ಗಿಸುತ್ತೇವೆ.

ನನ್ನ ಅಭಿಪ್ರಾಯವು ಬೇರೆಯಾಗಿದೆ. ತಂತ್ರಾಂಶವನ್ನು ಕಟ್ಟುವದು ಅರ್ಧ ಕೆಲಸ. ಅದನ್ನು ಬಳಸುವವರ ಯಂತ್ರಕ್ಕೆ ಮುಟ್ಟಿಸಿ, ಅಲ್ಲಿ ನಡೆಯುವಂತೆ ಮಾಡಿ, ನಡೆಯದೆ ಹೋದರೆ ಏಕೆ ನಡೆಯಲಿಲ್ಲವೆಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವದು ಉಳಿದ ಅರ್ಧ. ಕರ್ನಾಟಕದಲ್ಲಿ ಈ ಉಳಿದ ಅರ್ಧವು ಕನ್ನಡದಲ್ಲಿ ಆಗದ ಹೊರತು ಕೆಲಸ ಪೂರ್ಣವಾಯಿತೆನ್ನಲಾಗದು.

ಕಲಾವಿಭಾಗದ ವಿದ್ಯಾರ್ಥಿನಿಗೆ ಈ ಉಸಾಬರಿ ಏಕೆಂದು ಸಹಪಾಠಿ ಮಿತ್ರರು ಕೇಳಬಹುದು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಇಂಥ ಮನೆಯಿಂದ ಬಂದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಓಣಿಯಲ್ಲಿ ಯಾರ ಮನೆಗೆ ಯಾವ ಕಾಗದ ಬಂದರೂ ಓದಿ ಹೇಳುವ ಕೆಲಸ ನಮ್ಮದೇ. ಹಿಂದೆ ತಂತಿ ಬಂದರೆ ಇಂಗ್ಲಿಷ್ ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಿದ್ದರೆಂದು ನಮ್ಮ ಅಜ್ಜ ಹೇಳುತ್ತಿದ್ದರು. 2013ರಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ಹುಡುಕಾಟ ಮಾತ್ರ ನಿಂತಿಲ್ಲ. ಈಗ ತಂತಿಯ ಬದಲು ಗಣಕಯಂತ್ರದ ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬರುತ್ತದೆ.

ಕಳೆದ ರಜೆಯಲ್ಲಿ ನಮ್ಮ ಭಾಗದ ಒಂದು ಸಣ್ಣ ಸಂಘದಲ್ಲಿ ಹೀಗೆಯೇ ಆಯಿತು. 2025ರ ಅಕ್ಟೋಬರ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತುದರಿಂದ ಅವರು ಹಳೆಯ ಯಂತ್ರವನ್ನು ಬದಿಗಿಟ್ಟು ವಿಂಡೋಸ್ 11 ಇರುವ ಹೊಸದನ್ನು ತಂದಿದ್ದರು. ಸದಸ್ಯರ ಸಾಲ, ಠೇವಣಿಗಳ ಲೆಕ್ಕವಿಡುವ ತಂತ್ರಾಂಶವು ಹೊಸ ಯಂತ್ರದಲ್ಲಿ ಏಳಲೇ ಇಲ್ಲ. ‘ವಿಸಿರನ್‌ಟೈಮ್140’ ಎಂಬ ಕಡತ ಸಿಗಲಿಲ್ಲ, ತಂತ್ರಾಂಶವನ್ನು ಮತ್ತೊಮ್ಮೆ ಅಳವಡಿಸಿದರೆ ಸರಿಹೋದೀತು ಎಂಬರ್ಥದ ಸಂದೇಶ ಪರದೆಯ ಮೇಲೆ ಬಂದಿತು. ಕಾರ್ಯದರ್ಶಿ ಕಾಕಾ ಅದನ್ನು ಮೂರು ಸಲ ಅಳವಡಿಸಿದ್ದರು. ಕೊನೆಗೆ ನನ್ನನ್ನು ಕರೆದು, “ತಂಗೀ, ನೀ ಕಾಲೇಜ ಕಲಿಯಾಕಿ ಅದೀ. ಇದೇನ ಅಂತೈತಿ ಓದಿ ಹೇಳವಾ” ಎಂದರು. ಓದಿ ಹೇಳುವದು ಕಷ್ಟವಾಗಲಿಲ್ಲ. ಆದರೆ ಸಂದೇಶದಲ್ಲಿದ್ದ ಉಪಾಯವನ್ನು ಅವರು ಮೂರು ಸಲ ಮಾಡಿ ಮುಗಿಸಿದ್ದರಲ್ಲ! ಅಂದಮೇಲೆ ಓದುವದರಿಂದ ಆಗುವದೇನು? ಬಿತ್ತನೆಯ ಸಾಲಕ್ಕಾಗಿ ಬಂದ ನಾಲ್ಕಾರು ಮಂದಿ ಅಂದು ಹೊರಗಿನ ಕಟ್ಟೆಯ ಮೇಲೆ ಕಾಯುತ್ತಿದ್ದರು. ಬಾಕಿಯ ಲೆಕ್ಕ ತೆರೆಯದೆ ಹೊಸ ಸಾಲ ಕೊಡುವ ಹಾಗಿರಲಿಲ್ಲ.

ಇಂಥ ತೊಡಕಿನ ಮೂಲವು ಕಟ್ಟುವವರ ಮೇಜಿನ ಮೇಲೆಯೇ ಇದೆ. ವಿಂಡೋಸ್ ತಂತ್ರಾಂಶವೆಂಬುದು ಒಂದೇ ಕಡತವಲ್ಲ. ಅನೇಕ ತಂತ್ರಾಂಶಗಳಿಗೆ ಸಮಾನವಾಗಿ ಬೇಕಾಗುವ ಕೆಲಸಗಳನ್ನು ಡಿಎಲ್‌ಎಲ್ ಎಂಬ ಬೇರೆ ಕಡತಗಳಲ್ಲಿ ಇಟ್ಟಿರುತ್ತಾರೆ. ತಂತ್ರಾಂಶವು ಏಳುವಾಗ ಅವುಗಳನ್ನು ಕರೆಯುತ್ತದೆ. ಒಂದು ಸಿಗದಿದ್ದರೂ ಏಳುವದಿಲ್ಲ. ವಿಷುಯಲ್ ಸ್ಟುಡಿಯೋ ಎಂಬ ಸಾಧನದಿಂದ ತಂತ್ರಾಂಶ ಕಟ್ಟುವವರ ಯಂತ್ರದಲ್ಲಿ ಆ ಕಡತಗಳೆಲ್ಲ ಸಾಧನದೊಡನೆಯೇ ಬಂದು ಕುಳಿತಿರುತ್ತವೆ. ಆದ್ದರಿಂದ ಅವರಿಗೆ ಕೊರತೆಯೇ ಕಾಣುವದಿಲ್ಲ. ಪರೀಕ್ಷೆಗಾಗಿ ಕಟ್ಟುವ ‘ಡಿಬಗ್’ ರೂಪವನ್ನೇ ಹಂಚಿಬಿಟ್ಟರಂತೂ ಕೇಳುವದೇ ಬೇಡ. ಅದಕ್ಕೆ ಬೇಕಾದ ಕಡತಗಳನ್ನು ಇತರರಿಗೆ ಹಂಚಲು ಅನುಮತಿಯೇ ಇಲ್ಲ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂಬ ಮಾತು ಇಂಥ ತಂತ್ರಾಂಶಗಳಿಗಾಗಿಯೇ ಹುಟ್ಟಿದಂತಿದೆ.

ಸಂಘದ ತೊಡಕನ್ನು ಬಿಡಿಸಲು ನನಗೆ ನೆರವಾದದ್ದು ನಾವು ಕಲಿಯುವ ತರ್ಕವೇ. ಒಂದು ಇದ್ದಲ್ಲಿ ಇನ್ನೊಂದು ಇರುವದು ಅನ್ವಯ. ಅದು ಇಲ್ಲದಲ್ಲಿ ಇದೂ ಇಲ್ಲದಿರುವದು ವ್ಯತಿರೇಕ. ಪಾಶ್ಚಾತ್ಯರಲ್ಲಿ ಜಾನ್ ಸ್ಟುವರ್ಟ್ ಮಿಲ್ಲನು 1843ರ ತನ್ನ ತರ್ಕಗ್ರಂಥದಲ್ಲಿ ಕಾರಣವನ್ನು ಹುಡುಕುವ ಇಂಥವೇ ಪದ್ಧತಿಗಳನ್ನು ವಿವರಿಸಿದ್ದಾನೆ. ನಮ್ಮ ಮುಂದೆ ಎರಡು ಯಂತ್ರಗಳಿದ್ದವು. ಹಳೆಯದರಲ್ಲಿ ತಂತ್ರಾಂಶ ನಡೆಯುತ್ತಿತ್ತು, ಹೊಸದರಲ್ಲಿ ಇಲ್ಲ. ಎರಡರಲ್ಲಿಯೂ ಅಳವಡಿಸಿದ ತಂತ್ರಾಂಶಗಳ ಪಟ್ಟಿಯನ್ನು ತೆರೆದು ಸಾಲಿಗೆ ಸಾಲು ಹೋಲಿಸಿದೆವು. ‘ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್’ ಎಂಬುದರ 32 ಬಿಟ್ಟಿನ ಪ್ರತಿ ಹಳೆಯದರಲ್ಲಿತ್ತು. ಹೊಸದರಲ್ಲಿ 64 ಬಿಟ್ಟಿನದು ಮಾತ್ರ ಇತ್ತು. ತಂತ್ರಾಂಶವು 32 ಬಿಟ್ಟಿನದಾದರೆ ಯಂತ್ರ ಎಷ್ಟೇ ಹೊಸದಿರಲಿ, ಅದಕ್ಕೆ 32 ಬಿಟ್ಟಿನ ಜೊತೆಗಾರನೇ ಬೇಕು. ಮೈಕ್ರೋಸಾಫ್ಟ್ ಅದನ್ನು ಪುಕ್ಕಟೆ ಕೊಡುತ್ತದೆ. ಅದನ್ನು ಹಾಕಿದೊಡನೆ ತಂತ್ರಾಂಶ ಎದ್ದಿತು. ಹಳೆಯ ಯಂತ್ರಕ್ಕೆ ಅದು ಮತ್ತಾವುದೋ ತಂತ್ರಾಂಶದ ಬೆನ್ನಿಗೆ ಬಂದಿರಬೇಕು. ಕಟ್ಟಿದವರು ಕೊಟ್ಟದ್ದರಲ್ಲಿ ಅದು ಮೊದಲಿನಿಂದಲೂ ಇರಲಿಲ್ಲ.

ಎದ್ದ ತಂತ್ರಾಂಶದಲ್ಲಿ ಸದಸ್ಯರ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡವು. ಇದು ಕನ್ನಡದ ಗಣಕ ಚರಿತ್ರೆಗೆ ಸೇರಿದ ತೊಡಕು. ಯುನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆಯಿತು. ಆದರೆ ವಿಂಡೋಸ್ ಅದನ್ನು ಬಳಸಿ ಕನ್ನಡವನ್ನು ತೋರಿಸತೊಡಗಿದ್ದು 2001ರ ಎಕ್ಸ್‌ಪಿಯಿಂದ. ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿ ಬಂದದ್ದು ಅದರೊಡನೆಯೇ. ಅಲ್ಲಿಯವರೆಗೆ ನಮ್ಮವರು ಕೈಕಟ್ಟಿ ಕುಳಿತಿರಲಿಲ್ಲ. ಕೆ. ಪಿ. ರಾಯರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು. ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂಡ್ರಿಸಿ ಕೆಲಸ ಸಾಗಿಸಿದವು. ಇದ್ದ ಸ್ಥಿತಿಯಲ್ಲಿ ಅದು ಜಾಣ ಉಪಾಯವೇ. ಹಳ್ಳಿಹಳ್ಳಿಯ ಲಗ್ನಪತ್ರಿಕೆ, ಪಂಚಾಯತಿಯ ಠರಾವು ಕನ್ನಡದಲ್ಲಿ ಅಚ್ಚಾದದ್ದು ಅದರಿಂದಲೇ. ಆದರೆ ಆ ಅಕ್ಷರಶೈಲಿಯಿಲ್ಲದ ಯಂತ್ರಕ್ಕೆ ಬರಹವನ್ನು ಒಯ್ದರೆ ಒಳಗಿನ ಇಂಗ್ಲಿಷ್ ಅಕ್ಷರಗಳೇ ಹೊರಗೆ ಬೀಳುತ್ತವೆ. ಹಳೆಯ ಯಂತ್ರದಿಂದ ಅಕ್ಷರಶೈಲಿಯನ್ನು ತಂದು ಹಾಕಿದ ಮೇಲೆ ಸಂಘದ ಸದಸ್ಯರಿಗೆ ಅವರವರ ಹೆಸರು ಮರಳಿ ಬಂದವು. ಸಾಲದ ಅರ್ಜಿಗಳು ಒಳಗೆ ಹೋದವು.

ಇದು ಆ ಹೊತ್ತಿನ ಪರಿಹಾರ. ಹೊಸದಾಗಿ ಕಟ್ಟುವವರಾದರೂ ಯುನಿಕೋಡನ್ನು ಬಿಟ್ಟು ಕಟ್ಟಬಾರದು. ವಿಂಡೋಸ್‌ನ ಹಳೆಯ ಸಂಕೇತಪಟ್ಟಿಗಳಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಆದ್ದರಿಂದ ಯುನಿಕೋಡ್ ಅರಿಯದ ತಂತ್ರಾಂಶಕ್ಕೆ ಈಗಿನ ಕನ್ನಡವನ್ನು ಕೊಟ್ಟರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳನ್ನು ತೋರಿಸುತ್ತದೆ. ಬಳಸುವವನು ತನ್ನ ಹೆಸರನ್ನು ಯಂತ್ರಕ್ಕೆ ಕನ್ನಡದಲ್ಲಿ ಕೊಟ್ಟಿದ್ದರೆ ಅವನ ಕಡತಗಳ ದಾರಿಯೇ ಅದಕ್ಕೆ ಸಿಗದೆ ಹೋಗಬಹುದು. ನಾನು ಒಂದು ಸುಲಭ ಪರೀಕ್ಷೆಯನ್ನು ಸೂಚಿಸುತ್ತೇನೆ. ತಂತ್ರಾಂಶ ಕಟ್ಟುವವರು ‘ದೊಡವಾಡ’ ಎಂಬ ಕನ್ನಡ ಹೆಸರಿನ ಫೋಲ್ಡರನ್ನು ಮಾಡಿ, ಅದರಲ್ಲಿ ತಮ್ಮ ಕಡತವನ್ನು ಇಟ್ಟು ತೆರೆಯಲಿ. ತೆರೆಯದಿದ್ದರೆ ಆ ತಂತ್ರಾಂಶವು ದೊಡವಾಡಕ್ಕೆ ಬರಲು ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಲಿ.

ಮತ್ತೆ ಎರಡು ಸಾಮಾನ್ಯ ತೊಡಕುಗಳನ್ನು ಹೇಳುವದು ಅವಶ್ಯ. ಹಳೆಯ ತಂತ್ರಾಂಶಗಳು ತಮ್ಮ ಲೆಕ್ಕವನ್ನು ‘ಪ್ರೋಗ್ರಾಂ ಫೈಲ್ಸ್’ ಎಂಬ ತಮ್ಮ ಮನೆಯಲ್ಲಿಯೇ ಬರೆದಿಡುತ್ತಿದ್ದವು. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಿಂದ ಈಚೆಗೆ ಸಾಮಾನ್ಯ ಬಳಕೆದಾರನಿಗೆ ಅಲ್ಲಿ ಬರೆಯುವ ಅಧಿಕಾರವಿಲ್ಲ. ಹಳೆಯ ತಂತ್ರಾಂಶಗಳು ಕೆಡಬಾರದೆಂದು ವಿಂಡೋಸ್ ಅಂಥ ಬರಹವನ್ನು ಸದ್ದಿಲ್ಲದೆ ಆಯಾ ಬಳಕೆದಾರನ ಬೇರೊಂದು ಜಾಗಕ್ಕೆ ತಿರುಗಿಸುತ್ತದೆ. ಆಗ ಗುಮಾಸ್ತನು ತನ್ನ ಹೆಸರಿನಿಂದ ಒಳಹೊಕ್ಕು ಬರೆದ ಲೆಕ್ಕವು ಕಾರ್ಯದರ್ಶಿಯ ಹೆಸರಿನಿಂದ ಒಳಹೊಕ್ಕರೆ ಕಾಣುವದಿಲ್ಲ. ಗಣಕದ ಮರ್ಮವನ್ನು ಅರಿಯದ ಊರಿನಲ್ಲಿ ಇದರಿಂದ ಮನುಷ್ಯನ ಪ್ರಾಮಾಣಿಕತೆಯ ಮೇಲೆಯೇ ಸಂಶಯ ಬರಲಿಕ್ಕೆ ಸಾಕು! ಎರಡನೆಯದು ತಾರೀಖಿನ ತೊಡಕು. ಅಮೇರಿಕೆಯ ರೂಢಿಯಂತೆ ತಿಂಗಳನ್ನು ಮೊದಲು ಬರೆಯುವ ಯಂತ್ರದಲ್ಲಿ ಕಟ್ಟಿದ ತಂತ್ರಾಂಶವು ನಮ್ಮ 5/8ನ್ನು ಆಗಸ್ಟ 5ರ ಬದಲು ಮೇ 8 ಎಂದು ಓದೀತು. ಮೂರು ತಿಂಗಳ ಬಡ್ಡಿಯ ಹೊರೆ ಯಾರ ತಲೆಯ ಮೇಲೆ ಬೀಳುವದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಗೆ ಕಟ್ಟುವವರನ್ನು ಅಷ್ಟಾಗಿ ದೂರುವ ಹಾಗಿಲ್ಲ. 2012ರ ವಿಂಡೋಸ್ 8ರಿಂದ ಈಚೆಗೆ, ಅಂತರ್ಜಾಲದಿಂದ ಇಳಿಸಿಕೊಂಡ ಅಪರಿಚಿತ ತಂತ್ರಾಂಶವನ್ನು ತೆರೆಯಹೋದರೆ ‘ಸ್ಮಾರ್ಟ್‌ಸ್ಕ್ರೀನ್’ ಎಂಬ ಕಾವಲುಗಾರನು ಅಡ್ಡ ಬರುತ್ತಾನೆ. ತಂತ್ರಾಂಶಕ್ಕೆ ಕಟ್ಟಿದವರ ಗಣಕಸಹಿ ಇಲ್ಲದಿದ್ದರೆ, ಹೆಚ್ಚು ಜನ ಅದನ್ನು ಬಳಸಿರದಿದ್ದರೆ, ಎಚ್ಚರಿಕೆ ಕೊಡುತ್ತಾನೆ. ಕಾವಲು ಬೇಕಾದದ್ದೇ. ಆದರೆ ಆ ಸಹಿಯ ಪ್ರಮಾಣಪತ್ರಕ್ಕೆ ಹಣ ತೆರಬೇಕು, ಅವಧಿ ಮುಗಿದಂತೆ ಮತ್ತೆ ತೆರಬೇಕು. ಕನ್ನಡಕ್ಕಾಗಿ ಪುಕ್ಕಟೆ ದುಡಿಯುವ ಒಬ್ಬಿಬ್ಬರಿಗೆ ಅದು ಭಾರವಾಗುತ್ತದೆ. ಪರಿಣಾಮವಾಗಿ ಸಹಿಯಿಲ್ಲದ ಒಳ್ಳೆಯ ತಂತ್ರಾಂಶಗಳಿಗಾಗಿ ನಮ್ಮ ಜನ ಎಚ್ಚರಿಕೆಯನ್ನು ಓದದೆ ದಾಟುವದನ್ನು ರೂಢಿಸಿಕೊಳ್ಳುತ್ತಾರೆ. ನಾಳೆ ಕೆಟ್ಟದ್ದು ಬಂದರೂ ಅದೇ ರೂಢಿಯಿಂದ ದಾಟುತ್ತಾರೆ.

ಈಗ ಎಲ್ಲವೂ ಮೊಬೈಲಿನಲ್ಲಿ, ಅಂತರ್ಜಾಲದಲ್ಲಿ ನಡೆಯುತ್ತಿರುವಾಗ ಮೇಜಿನ ಯಂತ್ರದ ಚಿಂತೆ ಏಕೆಂದು ಕೆಲವರು ಆಕ್ಷೇಪಿಸಬಹುದು. ಅಂತರ್ಜಾಲವು ಹೆಚ್ಚಿನ ಕೆಲಸಗಳನ್ನು ಹಗುರ ಮಾಡಿದೆಯೆಂಬುದನ್ನು ನಾನು ಅಲ್ಲಗಳೆಯುವದಿಲ್ಲ. ಆದರೆ ಸಂಪರ್ಕವಿಲ್ಲದ ಹೊತ್ತಿನಲ್ಲಿಯೂ ಲೆಕ್ಕ ತೆರೆಯಬೇಕಾದ ಸಂಘ, ನೂರಾರು ಪುಟ ಜೋಡಿಸುವ ಅಚ್ಚಿನ ಅಂಗಡಿ, ಹಳೆಯ ಪ್ರಿಂಟರಿನ ಮೇಲೆ ರಸೀದಿ ಒತ್ತುವ ಕಚೇರಿ, ಇವು ಇನ್ನೂ ಮೇಜಿನ ಯಂತ್ರವನ್ನೇ ನೆಚ್ಚಿವೆ. ಅವು ಇರುವವರೆಗೆ ಈ ಚಿಂತೆಯೂ ಇರತಕ್ಕದ್ದೇ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಕಟ್ಟುವವರು ಬುತ್ತಿ ಕಟ್ಟಿಯೇ ತಂತ್ರಾಂಶವನ್ನು ಪಯಣಕ್ಕೆ ಕಳಿಸಬೇಕು. 2019ರ ಡಾಟ್‌ನೆಟ್ ಕೋರ್ 3.0ರಿಂದ ಈಚೆಗೆ ಮೇಜಿನ ತಂತ್ರಾಂಶವೂ ತನಗೆ ಬೇಕಾದ ಪರಿಕರಗಳನ್ನೆಲ್ಲ ತನ್ನೊಡನೆ ಒಯ್ಯುವಂತೆ ಕಟ್ಟಬಹುದು. ಗಾತ್ರ ಹೆಚ್ಚಾಗುತ್ತದೆ, ನಿಜ. ಆದರೆ ಪೆನ್‌ಡ್ರೈವಿನಲ್ಲಿ ಬರುವ ಹೇರಿಗೆ ಹಳ್ಳಿಯವರು ಹೆದರುವದಿಲ್ಲ, ಅರ್ಧ ಬಂದು ನಿಲ್ಲುವದಕ್ಕೆ ಹೆದರುತ್ತಾರೆ. ಎರಡನೆಯದಾಗಿ, ಯಾವ ಸಾಧನವನ್ನೂ ಹಾಕಿರದ ಬರಿಯ ಯಂತ್ರದಲ್ಲಿ, ಅಧಿಕಾರವಿಲ್ಲದ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಪರೀಕ್ಷೆ ನಡೆಯಬೇಕು. 2019ರಿಂದ ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಇಂಥ ಪರೀಕ್ಷೆಗೆಂದೇ ‘ಸ್ಯಾಂಡ್‌ಬಾಕ್ಸ್’ ಎಂಬ ಏರ್ಪಾಡಿದೆ. ಮೂರನೆಯದಾಗಿ, ಸರಕಾರದ ಹಣದಿಂದ ಸಿದ್ಧವಾಗುವ ತಂತ್ರಾಂಶಗಳಿಗಾದರೂ ಗಣಕಸಹಿ ಇರಬೇಕು, ಸಂದೇಶಗಳು ಕನ್ನಡದಲ್ಲಿರಬೇಕು.

ಕೊನೆಯ ಮಾತು ನಮಗೆ, ಅಂದರೆ ಕಲಾ ವಿದ್ಯಾರ್ಥಿಗಳಿಗೆ, ಸೇರಿದ್ದು. ಕಡತ ಸಿಗದೆಂಬ ಸಂದೇಶವು ತಂತ್ರಾಂಶ ಏಳುವ ಮೊದಲೇ ಬರುತ್ತದೆ. ಆಗ ಕಟ್ಟಿದವರಿಗೆ ಬಾಯಿ ಇರುವದಿಲ್ಲ. ಅವರಿಗೆ ಬಾಯಿ ಇರುವದು ಅಳವಡಿಸುವ ಹೊತ್ತಿನಲ್ಲಿ. ಆಗಲೇ ಯಂತ್ರವನ್ನು ಪರೀಕ್ಷಿಸಿ, “ಈ ತಂತ್ರಾಂಶಕ್ಕೆ ಬೇಕಾದ ಒಂದು ಭಾಗ ನಿಮ್ಮ ಯಂತ್ರದಲ್ಲಿಲ್ಲ, ನಾವು ಕೊಟ್ಟದ್ದರಲ್ಲಿ ಅದು ಇದೆ, ಈಗ ಹಾಕಲೇ?” ಎಂದು ಕೇಳಬಹುದಲ್ಲವೇ? ‘ಇನ್ನೋ ಸೆಟಪ್’ನಂಥ ಪುಕ್ಕಟೆ ಸಾಧನದಲ್ಲಿ ಈ ಮಾತುಗಳೆಲ್ಲ ಪ್ರತ್ಯೇಕ ಕಡತವೊಂದರಲ್ಲಿರುತ್ತವೆ, ಅದನ್ನು ಕನ್ನಡಕ್ಕೆ ತಿರುಗಿಸಿ ಸೇರಿಸಬಹುದು. ಈ ಕೆಲಸಕ್ಕೆ ಬೇಕಾದದ್ದು ಭಾಷೆ ಮತ್ತು ಓದುವವನ ಮೇಲಿನ ಕಾಳಜಿ. ಅವೆರಡೂ ನಮ್ಮ ವಿಭಾಗದ ಸೊತ್ತು. ವಿಜ್ಞಾನದ ಮಿತ್ರರು ಕಟ್ಟಲಿ. ಅವರು ಕಟ್ಟಿದ್ದಕ್ಕೆ ನಾವು ಮಾತು ಕಲಿಸೋಣ. ನಮ್ಮ ಕಾಲೇಜಿನ ಕನ್ನಡ ಸಂಘವು ಬರುವ ವರ್ಷ ಇಂಥ ಒಂದೇ ಕಡತವನ್ನು ಎತ್ತಿಕೊಂಡರೂ ಸಾಕು. ಪರದೆಯ ಮೇಲಿನ ಮಾತನ್ನು ಕಾರ್ಯದರ್ಶಿ ಕಾಕಾ ತಾವೇ ಓದಿ ತಿಳಿದುಕೊಂಡಾರು. ಕಾಲೇಜು ಕಲಿತವರು ರಜೆಗೆ ಬರಲೆಂದು ಯಾರೂ ಕಾಯಬೇಕಾಗದು.