ಡೆಮರೇಜಿನ ಹೊರೆ ಯಾರ ತಲೆಗೆ?

ಪಣಂಬೂರು ಕಡಲಲ್ಲಿ ಲಂಗರು ಹಾಕಿ ನಿಂತ ಹಡಗು ಬೀಚಿಗೆ ಹೋದವರ ಕಣ್ಣಿಗೆ ಹಬ್ಬ. ಆದರೆ ಆಟೋರಿಕ್ಷಾದ ಹಾಗೆ ಅದಕ್ಕೂ ವೈಟಿಂಗ್ ಚಾರ್ಜು ಉಂಟು, ಸ್ವಾಮಿ! ಸರಕು ಇಳಿಸಲು ಇಂತಿಷ್ಟು ದಿನ ಎಂದು ಮೊದಲೇ ಕರಾರು ಆಗಿರುತ್ತದೆ. ಗಡುವು ದಾಟಿತೋ, ಹಡಗನ್ನು ಬಾಡಿಗೆಗೆ ಹಿಡಿದವನು ಮಾಲೀಕನಿಗೆ ದಿನಲೆಕ್ಕದಲ್ಲಿ ದಂಡ ತೆರಬೇಕು. ಇದೇ ಡೆಮರೇಜು.

ಕಂಟೇನರಿನಲ್ಲಿ ಮಾಲು ತರಿಸುವ ವ್ಯಾಪಾರಿಗೆ ಎರಡು ಏಟು. ಪುಕ್ಕಟೆ ದಿನಗಳು ಮುಗಿದ ಮೇಲೆ ಯಾರ್ಡಿನಲ್ಲಿ ಪೆಟ್ಟಿಗೆ ಇಟ್ಟದ್ದಕ್ಕೆ ಒಂದು ಬಿಲ್ಲು. ಖಾಲಿ ಪೆಟ್ಟಿಗೆ ತಡವಾಗಿ ವಾಪಸು ಮಾಡಿದರೆ ಹಡಗು ಕಂಪನಿಯ ಡಿಟೆನ್ಷನ್ ಬಿಲ್ಲು ಇನ್ನೊಂದು.

ದಂಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಬಂದರನ್ನೇ ಗೋದಾಮು ಮಾಡಿಕೊಳ್ಳುವ ಮಹಾಶಯರಿಗೆ ಬಿಸಿ ಮುಟ್ಟಲೇಬೇಕು. ಮುಂದಾಲೋಚನೆ ಇಲ್ಲದಿದ್ದರೆ ಸರಕಾರಗಳೂ ಮುಳುಗುತ್ತವೆ. 1975ರ ಹೊತ್ತಿಗೆ ನೈಜೀರಿಯಾ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಆರ್ಡರು ಕೊಟ್ಟು ಕೂತಿತ್ತು. ಲಾಗೋಸ್ ಬಂದರಿನಲ್ಲಿ ವರ್ಷಕ್ಕೆ ಇಳಿಸಲು ಆಗುತ್ತಿದ್ದುದು ಸುಮಾರು 10 ಲಕ್ಷ ಟನ್! ನೂರಾರು ಹಡಗು ಕಡಲಲ್ಲೇ ಕಾದವು, ಡೆಮರೇಜು ಏರಿತು. ಆ ದುಡ್ಡಿನ ಆಸೆಗೇ ಬಂದ ಮುದಿ ಹಡಗುಗಳೂ ಇದ್ದವಂತೆ.

ನಮ್ಮ ತಕರಾರು ಬೇರೆ. ಕಸ್ಟಮ್ಸ್ ತಪಾಸಣೆ, ಯಾರ್ಡಿನ ನೂಕುನುಗ್ಗಲು, ಲಾರಿ ಮುಷ್ಕರ, ಇವುಗಳಿಂದ ತಡವಾದರೆ ವ್ಯಾಪಾರಿಯದೇನು ತಪ್ಪು? ಕಸ್ಟಮ್ಸ್ ತಡೆಹಿಡಿದ ಮಾಲಿಗೆ ಬಂದರು, ಯಾರ್ಡಿನವರು ಡೆಮರೇಜು ಹಾಕಬಾರದೆಂದು 2009ರ ನಿಯಮವೇ ಇದೆ. ಹಡಗು ಕಂಪನಿಯ ಡಿಟೆನ್ಷನ್ನಿಗೆ ಅದು ತಾಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಈ ಶುಲ್ಕ ಹಾಕಬೇಡಿ ಎಂದು ಕಂಪನಿಗಳಿಗೆ ಸಲಹೆ ಹೋಯಿತು. ಸಲಹೆಗೂ ಕಾನೂನಿಗೂ ಎಷ್ಟು ದೂರ ಎಂದು ಬೇರೆ ಹೇಳಬೇಕೆ?

ಅಮೆರಿಕ 2022ರಲ್ಲಿ ಕಾಯಿದೆಯನ್ನೇ ಮಾಡಿತು. ಪುಕ್ಕಟೆ ದಿನ ಎಷ್ಟು, ದರ ಎಷ್ಟು ಎಂಬ ವಿವರ ಬಿಲ್ಲಿನಲ್ಲಿ ಇಲ್ಲದಿದ್ದರೆ ಕೊಡಬೇಕಾಗಿಲ್ಲ. ಶುಲ್ಕ ನ್ಯಾಯವಾದದ್ದು ಎಂದು ರುಜುವಾತು ಮಾಡುವ ಹೊಣೆಯೂ ಹಡಗು ಕಂಪನಿಯದೇ. ನಮ್ಮ ವ್ಯಾಪಾರಿಗೂ ಅಂಥದೇ ಬಲ ಬೇಕು.

ಇದು ದೊಡ್ಡವರ ಜಗಳ, ನಮಗ್ಯಾಕೆ ಎನ್ನಬೇಡಿ. ನಮ್ಮ ಬಂದರಿಗೆ ರಸಗೊಬ್ಬರ, ಅಡುಗೆ ಎಣ್ಣೆ, ಅಡುಗೆ ಅನಿಲ ಎಲ್ಲ ಬರುತ್ತವೆ. ಆಮದುದಾರ ದಂಡವನ್ನು ಕೈಯಿಂದ ಕೊಡುವುದು ಅಪರೂಪ. ಮಾಲಿನ ರೇಟಿಗೆ ಸೇರಿಸುತ್ತಾನೆ. ಕೊನೆಗೆ ಗಿರಾಕಿಯ ಬೈಗುಳ ತಿನ್ನುವುದು ಅಂಗಡಿಯವನು, ಜೇಬು ಖಾಲಿ ಮಾಡಿಕೊಳ್ಳುವುದು ಗಿರಾಕಿ. ತಡ ಮಾಡಿದವನೇ ದಂಡ ತೆರಲಿ. ಸಂಬಂಧಪಟ್ಟವರು ಇನ್ನಾದರೂ ಗಮನಿಸುವರೇ?