ಓದದೆ ಹಾಕುವ ಸಹಿ

ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕುವ ಮುನ್ನ ನಾಲ್ಕು ಜನರನ್ನು ವಿಚಾರಿಸುವವರು ನಾವು, ಮುಂಬಯಿ ಕನ್ನಡಿಗರು. ಠೇವಣಿ ಎಷ್ಟು, ಹನ್ನೊಂದು ತಿಂಗಳಾದ ಮೇಲೆ ಗತಿ ಏನು ಎಂದು ಕೆದಕಿ ಕೇಳುತ್ತೇವೆ. ಆದರೆ ಗ್ರಾಂಟ್ ರೋಡಿನ ಆಸುಪಾಸಿನ ಸಂತಾನ ಚಿಕಿತ್ಸೆಯ ಕ್ಲಿನಿಕ್ಕಿನಲ್ಲಿ ಭ್ರೂಣವನ್ನು ಶೈತ್ಯದಲ್ಲಿ ಕಾದಿಡುವ ಕಾಗದ ಮುಂದೆ ಬಂದಾಗ ಮಾತ್ರ ಅವರು ಬೆರಳಿಟ್ಟಲ್ಲೆಲ್ಲ ನಮ್ಮ ಸಹಿ ಬೀಳುತ್ತದೆ. ಇದು ನಿಲ್ಲಬೇಕು.

ವಿದ್ಯೆಯ ಬಗ್ಗೆ ನಮ್ಮ ತಕರಾರಿಲ್ಲ. ಪ್ರನಾಳದಲ್ಲಿ ಹಲವು ಭ್ರೂಣಗಳು ದೊರೆತರೆ ಉಳಿದವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಮೊದಲ ಯತ್ನ ಫಲಿಸದಿದ್ದರೆ ಹೆಣ್ಣು ಮತ್ತೆ ಚುಚ್ಚುಮದ್ದುಗಳ ಸರಣಿಗೆ ಮೈಯೊಡ್ಡಬೇಕಾಗಿಲ್ಲ. ಇದೆಲ್ಲ ಪರದೇಶದ ಷೋಕಿ ಎಂದು ಮೂಗು ಮುರಿಯುವ ಹಿರಿಯರು ಇಷ್ಟು ತಿಳಿಯಲಿ: 1978ರ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಹುಟ್ಟಿದ ಹೆಣ್ಣುಮಗು 53 ದಿನ ಘನೀಕರಿಸಿಟ್ಟ ಭ್ರೂಣದಿಂದಲೇ ಬಂದದ್ದು. ಸರಕಾರದ ಸಮಿತಿ ಅವರನ್ನು ಹೀಗಳೆಯಿತು. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟ್ 6ರಂದು ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪ್ರನಾಳ ಶಿಶು ಜನಿಸಿದಾಗ ದೇಶದಲ್ಲಿ ಮೊದಲಿಗರೆಂಬ ಕೀರ್ತಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದ ಕುಮಾರರಿಗೆ ಸಂದಿತು. ಅದೇ ಆನಂದ ಕುಮಾರರು 1997ರಲ್ಲಿ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗರು ಆ ಬಂಗಾಳಿ ವೈದ್ಯರೇ ಎಂದು ಸಾರಿದರು. (ಇಂಥ ದೊಡ್ಡತನ ನಮ್ಮ ಸಂಘಗಳ ಚುನಾವಣೆಯಲ್ಲಿ ಕಾಣಸಿಗದೆಂಬುದು ಬೇರೆ ಮಾತು.) ಕಾಗದ ಉಳಿದಿದ್ದರಿಂದ ಸತ್ತವರಿಗೂ ನ್ಯಾಯ ಸಿಕ್ಕಿತು.

ಬದುಕಿರುವ ನಮಗೂ ಕಾಗದವೇ ಆಧಾರ. 2021ರಲ್ಲಿ ಸಂಸತ್ತು ಈ ಚಿಕಿತ್ಸೆಗೆಂದೇ ಕಾಯಿದೆ ಮಾಡಿದೆ. ದಂಪತಿಗಳಲ್ಲಿ ಒಬ್ಬರು ತೀರಿಕೊಂಡರೆ ಅಥವಾ ಅಶಕ್ತರಾದರೆ ಭ್ರೂಣ ಏನಾಗಬೇಕೆಂದು ಇಬ್ಬರೂ ಬರೆದುಕೊಡದೆ ಅದನ್ನು ಕಾದಿಡುವಂತಿಲ್ಲ. ಕಾದಿಡುವ ಅವಧಿ 10 ವರ್ಷ ಮೀರುವಂತಿಲ್ಲ. ಆಮೇಲೆ ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳು ಒಪ್ಪಿದರೆ ಸಂಶೋಧನೆಗೆ ಕೊಡಬೇಕು. ಗರ್ಭಕ್ಕೆ ಸೇರಿಸುವವರೆಗೂ ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಬಹುದು. ಸಾಧಕ ಬಾಧಕಗಳನ್ನು ತಿಳಿಸಿ ಹೇಳುವುದು ಕ್ಲಿನಿಕ್ಕಿನ ಕರ್ತವ್ಯ.

ಯಾವ ಭಾಷೆಯಲ್ಲಿ ತಿಳಿಸುತ್ತಾರೆ? ಊರಿನಿಂದ ಮದುವೆಯಾಗಿ ಬಂದ ಹುಡುಗಿ ಕನ್ನಡ, ತುಳು ಬಿಟ್ಟು ಬೇರೆ ಮಾತಿನಲ್ಲಿ ಹೊಟ್ಟೆನೋವನ್ನೂ ಹೇಳಿಕೊಳ್ಳಲಾರಳು. ಅವಳ ಕೈಗೆ ಇಂಗ್ಲಿಷಿನ ಹಾಳೆಗಳು. ಪಕ್ಕದಲ್ಲಿ ಅತ್ತೆ: “ಡಾಕ್ಟರು ಹೇಳಿದ ಮೇಲೆ ಕೇಳುವುದೇನಿದೆ, ಹಾಕಮ್ಮಾ.” ಅತ್ತೆಯ ಒಪ್ಪಿಗೆಯನ್ನು ಕಾಯಿದೆ ಕೇಳುವುದೇ ಇಲ್ಲ! ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ ಮಾಡಿಸಿದ್ದನ್ನು ಹತ್ತು ಮನೆಗೆ ಪ್ರಸಾದ ಹಂಚಿ ಸಾರುವ ನಾವು ಕ್ಲಿನಿಕ್ಕಿಗೆ ಮಾತ್ರ ಕಳ್ಳರಂತೆ ಹೋಗಿಬರುತ್ತೇವೆ. ಗುಟ್ಟು ಮಾಡಿದವರು ಯಾರನ್ನು ಕೇಳಿಯಾರು? ಮುಂದೆ ಗ್ರಾಂಟ್ ರೋಡಿನ ಖೋಲಿ ಬಿಟ್ಟು ಡೊಂಬಿವಲಿಗೆ ಹೋದಾಗ ಹೊಸ ವಿಳಾಸ ತಿಳಿಸಬೇಕೆಂಬುದೂ ಹೊಳೆಯುವುದಿಲ್ಲ. ಕ್ಲಿನಿಕ್ಕಿನ ಪತ್ರ ಹಳೆಯ ಚಾಳಿನ ಮೆಟ್ಟಿಲಲ್ಲೇ ಬಿದ್ದಿರುತ್ತದೆ.

ನಮ್ಮ ಸಂಘಗಳಲ್ಲಿ ವಕೀಲರೂ ವೈದ್ಯರೂ ಇದ್ದಾರೆ. ಶಾಲು ಹೊದಿಸುವ ಒಂದು ಸಮಾರಂಭ ಕಡಿಮೆಯಾದರೂ ಚಿಂತೆಯಿಲ್ಲ, ಅವರು ಕೂತು ಆ ಹಾಳೆಗಳನ್ನು ಕನ್ನಡಕ್ಕೆ ತರಲಿ. ಅಲ್ಲಿಯವರೆಗೆ ದಂಪತಿಗಳು ಕಾಗದವನ್ನು ಒಂದು ರಾತ್ರಿಯ ಮಟ್ಟಿಗೆ ಮನೆಗೆ ತಂದು, ಇಬ್ಬರೇ ಕೂತು ಓದಿಸಿ ಕೇಳಲಿ; ಸಹಿ ಹಾಕಿದ್ದರ ಪ್ರತಿ ಪಡೆಯಲಿ. ಪ್ರತಿ ಕೊಡಲೊಲ್ಲದ ಕ್ಲಿನಿಕ್ಕಾದರೆ ಮೆಟ್ಟಿಲಿಳಿದು ಬನ್ನಿ. ಮುಂಬಯಿಯಲ್ಲಿ ಅದೊಂದೇ ಕ್ಲಿನಿಕ್ಕಲ್ಲ.